ಮಾದೇವಿ ಓಡಿದ್ದು, ಅತ್ತಿಗೆ ಕೂಗಿದ್ದು

ಕ್ಯಾಲಿಫೋರ್ನಿಯಾದ ಗವರ್ನರು ಯಾರು ಎಂದು ಕೇಳಿದರೆ ನಮ್ಮ ಅತ್ತಿಗೆ ಒಂದು ಕ್ಷಣ ಸೂರು ನೋಡುತ್ತಾರೆ. ಆದರೆ ಕೊಲರಾಡೋದ ಯಾವ ಹೈಸ್ಕೂಲಿನ ಯಾವ ಹುಡುಗ ಕಳೆದ ವಾರ ಎರಡು ಮೈಲಿ ಓಟದಲ್ಲಿ ಯಾರ ದಾಖಲೆ ಮುರಿದ, ಮುರಿಯುವಾಗ ಅವನ ಶೂಸಿನ ಲೇಸು ಬಿಚ್ಚಿತ್ತೋ ಕಟ್ಟಿತ್ತೋ ಎಂದು ಕೇಳಿ ನೋಡಿ! ಕೇಳುವುದೇನು ಬಂತು, ನೀವು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅವರೇ ಹೇಳಿ ಮುಗಿಸಿರುತ್ತಾರೆ. ಕಾಫಿ ಬೇಕೋ ಬೇಡವೋ ಎಂಬ ಪ್ರಶ್ನೆ ಆಮೇಲಿನದು.

ಇವರು ನನ್ನ ಅಣ್ಣನ ಹೆಂಡತಿ. ಹುಟ್ಟಿ ಬೆಳೆದದ್ದು ಮಂಡ್ಯ, ಸಂಸಾರ ಹೂಡಿದ್ದು ಡಬ್ಲಿನ್ನು. ಐರ್ಲೆಂಡಿನ ಡಬ್ಲಿನ್ ಅಲ್ಲ ಸ್ವಾಮೀ, ನಮ್ಮ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಡಬ್ಲಿನ್ನು. ಸಂಜೆ ಏಳರ ಹೊತ್ತಿಗೆ ಒಂದು ಬೀದಿಯಲ್ಲಿ ನಡೆದರೆ ಸಾಕು, ಯಾವ ಮನೆಯಲ್ಲಿ ಸಾರು, ಯಾವ ಮನೆಯಲ್ಲಿ ಸಾಂಬಾರು, ಯಾವ ಮನೆಯಲ್ಲಿ ಪಪ್ಪು ಎಂದು ಮೂಗೇ ಹೇಳುವಂಥ ಊರು. ಅಲ್ಲಿ ಅತ್ತಿಗೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರು. ಅಂದರೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ಅವರ ಕಸುಬು. ಹಗಲೆಲ್ಲ ಸಂಬಳಕ್ಕೆ ಹುಡುಕುತ್ತಾರೆ. ಸಂಜೆ ಮನೆಗೆ ಬಂದು ನಮ್ಮ ಅಣ್ಣನಲ್ಲಿ ಉಚಿತವಾಗಿ ಹುಡುಕುತ್ತಾರೆ.

ನಾನು ಮೌಂಟನ್ ವ್ಯೂನಲ್ಲಿ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿರುವ ಬ್ರಹ್ಮಚಾರಿ. ವಾರವಿಡೀ ಆಫೀಸಿನ ಸಲಾಡು ತಿಂದು ಮೇಕೆಯಂತಾದವನು ಶನಿವಾರ ಅಣ್ಣನ ಮನೆಯ ಬಿಸಿ ಊಟಕ್ಕೆ ಹೋಗುತ್ತಿದ್ದೆ. ಹಾಗೆ ಹೋಗಿ ಸಿಕ್ಕಿಬಿದ್ದೆ. ಅತ್ತಿಗೆಗೆ ಫ್ರೀವೇಯಲ್ಲಿ ಕಾರು ಓಡಿಸಲು ಚೆನ್ನಾಗಿ ಬರುತ್ತದೆ. ಆದರೆ ಓಟದ ದಿನ ಬರುವುದಿಲ್ಲ. “ಕೈ ನಡುಗತ್ತೆ ಕಣಪ್ಪಾ, ನೀನೇ ಓಡಿಸು” ಎಂದು ಕೀಲಿ ಕೊಟ್ಟುಬಿಡುತ್ತಾರೆ. ಓಡುವವರು ಯಾರೋ, ಕೈ ನಡುಗುವುದು ಯಾರಿಗೋ, ಸ್ಟೇರಿಂಗು ಹಿಡಿಯುವವನು ಇನ್ಯಾರೋ!

ಈ ಹುಚ್ಚು ಹತ್ತಿದ್ದಕ್ಕೆ ಕಾರಣ ಅವರ ಒಬ್ಬಳೇ ಮಗಳು ಪುಟ್ಟಿ. ಹೈಸ್ಕೂಲಿಗೆ ಸೇರಿದ ವರ್ಷ ಅವಳು ಕ್ರಾಸ್ ಕಂಟ್ರಿ ಟೀಮಿಗೆ ಸೇರಿದಳು. ಟ್ರ್ಯಾಕಿನಲ್ಲಿ ಸುತ್ತು ಹಾಕುವ ಓಟವಲ್ಲ ಅದು. ಹುಲ್ಲು, ಧೂಳು, ಗುಡ್ಡ, ಇಳಿಜಾರು ಎಲ್ಲ ಹಾದು ಮೂರು ಮೈಲಿ ಓಡಬೇಕು. ಅವಳಿಗೇನು ಓಟದ ಆಸೆಯೇ? ಆ ಟೀಮಿನಲ್ಲಿ ಯಾರನ್ನೂ ಬೇಡ ಎನ್ನುವುದಿಲ್ಲ ಎಂದು ಗೊತ್ತಾಗಿ ಸೇರಿದ್ದು. ಒಂದು ಸಂಜೆ ಅವಳು ಮರೆತು ಹೋದ ನೀರಿನ ಬಾಟಲಿ ಕೊಡಲು ಅತ್ತಿಗೆ ಶಾಲೆಗೆ ಹೋದರು. ಕೊಟ್ಟು ಐದು ನಿಮಿಷದಲ್ಲಿ ಬರಬೇಕಾದವರು ಕತ್ತಲಾಗುವವರೆಗೆ ಬೇಲಿ ಹಿಡಿದು ನಿಂತಿದ್ದರಂತೆ. ಎರಡು ವಾರಕ್ಕೆ ಪುಟ್ಟಿಗೆ ಬೇಸರವಾಯಿತು. ಮಗಳು ಟೀಮು ಬಿಟ್ಟಳು. ತಾಯಿ ಬಿಡಲಿಲ್ಲ!

“ಅಮ್ಮಾ, ದಿಸ್ ಈಸ್ ಸೋ ವಿಯರ್ಡ್! ನಾನೇ ಇಲ್ಲ ಟೀಮಲ್ಲಿ. ವೈ ಆರ್ ಯು ಗೋಯಿಂಗ್?” ಎಂದು ಪುಟ್ಟಿ ಕೇಳಿದಳು.

“ನೀನು ಇದ್ದಾಗ ಮಾತ್ರ ನೋಡೋಕೆ ನೀನೇನು ಚೆನ್ನಾಗಿ ಓಡ್ತಿದ್ಯಾ?” ಎಂದರು ಅತ್ತಿಗೆ.

ಶಾಲೆಯ ಬೇಲಿಯಿಂದ ಶುರುವಾದದ್ದು ದೇಶಕ್ಕೆಲ್ಲ ಹಬ್ಬಿತು. ಈಚಿನ ವರ್ಷಗಳಲ್ಲಿ ಅಮೆರಿಕದ ಎಳೆಯ ಓಟಗಾರರಿಗೆ ಏನಾಗಿದೆಯೋ ದೇವರೇ ಬಲ್ಲ. ಹೈಸ್ಕೂಲು ಹುಡುಗಿಯರು, ಕಾಲೇಜು ಹುಡುಗರು, ನಮ್ಮಪ್ಪಂದಿರ ಕಾಲದಿಂದ ಕದಲದೆ ಕೂತಿದ್ದ ದಾಖಲೆಗಳನ್ನು ಹಳೇ ಕ್ಯಾಲೆಂಡರಿನ ಹಾಳೆ ಹರಿದಂತೆ ಹರಿದು ಎಸೆಯುತ್ತಿದ್ದಾರೆ. ಒಬ್ಬಳು ಮುರಿದದ್ದನ್ನು ಮುಂದಿನ ತಿಂಗಳು ಇನ್ನೊಬ್ಬಳು ಮುರಿಯುತ್ತಾಳೆ. ನಮ್ಮಂಥವರಿಗೆ ಇದು ಸುದ್ದಿಯೂ ಅಲ್ಲ. ಅತ್ತಿಗೆಗೆ ಮಾತ್ರ ಇದು ದಿನವೂ ಬರುವ ಧಾರಾವಾಹಿ. ಅದೂ ಅತ್ತೆ ಸೊಸೆ ಜಗಳವಿಲ್ಲದ ಧಾರಾವಾಹಿ! ಆ ಮಕ್ಕಳನ್ನೆಲ್ಲ ನೆಂಟರಂತೆ ಕರೆಯುತ್ತಾರೆ. “ನಮ್ಮ ಯೂಟಾ ಹುಡುಗನಿಗೆ ನೆಗಡಿಯಂತೆ”, “ಪೆನ್ಸಿಲ್ವೇನಿಯಾದವಳು ಯಾಕೋ ಬಡವಾಗಿದಾಳೆ, ಸರಿಯಾಗಿ ಊಟ ಮಾಡ್ತಿಲ್ಲ” ಎಂದು ಊಟದ ಮಧ್ಯೆ ನಿಟ್ಟುಸಿರು ಬಿಡುತ್ತಾರೆ. ನಮ್ಮ ಅಣ್ಣ ಪಾಪ, ಬಹಳ ದಿನ ಇವರೆಲ್ಲ ಮಂಡ್ಯ ಕಡೆಯಿಂದ ಬಂದು ನೆಲೆಸಿದ ನೆಂಟರ ಮಕ್ಕಳು ಎಂದೇ ತಿಳಿದಿದ್ದ. “ಯೂಟಾದಲ್ಲಿ ನಿಮ್ಮವರು ಯಾರೇ ಇದಾರೆ?” ಎಂದು ಒಮ್ಮೆ ಕೇಳಿಯೂಬಿಟ್ಟ.

ಒಂದು ಶನಿವಾರ ಸ್ಯಾನ್ ರಾಮೋನ್‌ನಲ್ಲಿ ಅಣ್ಣನ ಗೆಳೆಯರೊಬ್ಬರ ಗೃಹಪ್ರವೇಶ. ಹೊಸ ಮನೆ, ಹೊಸ ಕಾರ್ಪೆಟ್ಟು, ಹೊಗೆಯಾದರೆ ಬಡಿದುಕೊಳ್ಳುವ ಅಲಾರಮ್ಮಿಗೆ ಪ್ಲಾಸ್ಟಿಕ್ ಕವರು ಕಟ್ಟಿ ಹೋಮ ಮಾಡುತ್ತಿದ್ದರು. ಪೂರ್ಣಾಹುತಿಯ ಹೊತ್ತು. ಪುರೋಹಿತರು ರೇಷ್ಮೆ ಬಟ್ಟೆಯಲ್ಲಿ ಕಟ್ಟಿದ ಕೊಬ್ಬರಿಯನ್ನು ಕೈಯಲ್ಲಿ ಹಿಡಿದಿದ್ದಾರೆ, ದಂಪತಿ ಕಣ್ಣು ಮುಚ್ಚಿದ್ದಾರೆ, ನಾವೆಲ್ಲ ಕೈ ಮುಗಿದಿದ್ದೇವೆ. ಹಿಂದಿನ ಸಾಲಿನಿಂದ ಸಿಡಿಲು ಬಡಿದಂತೆ ಒಂದು ಕೂಗು.

“ಬಿತ್ತು! ಅಯ್ಯಯ್ಯಪ್ಪಾ, ಬಿದ್ದೇಹೋಯ್ತು!”

ಮನೆಯ ಯಜಮಾನರು ಮೊದಲು ನೋಡಿದ್ದು ಮೇಲಿನ ಚಾವಣಿಯನ್ನು. ಅವರಿಗೆ ಬಿಲ್ಡರಿನ ಮೇಲೆ ಮೊದಲಿಂದಲೂ ಅನುಮಾನ! ಅವರ ಹೆಂಡತಿ ಕಲಶ ನೋಡಿದರು. ಪುರೋಹಿತರ ಕೈ ಗಾಳಿಯಲ್ಲೇ ನಿಂತಿತು. ತಿರುಗಿ ನೋಡಿದರೆ ಅತ್ತಿಗೆ, ಸೆರಗಿನ ಮರೆಯಲ್ಲಿ ಫೋನು, ಒಂದು ಕಿವಿಯಲ್ಲಿ ಇಯರ್‌ಫೋನು, ಕಣ್ಣಲ್ಲಿ ನೀರು.

“ಏನು ಬಿತ್ತು ತಾಯೀ?” ಎಂದರು ಪುರೋಹಿತರು.

“ರೆಕಾರ್ಡು! ಇನ್ನೂ ಕಾಲೇಜು ಎರಡನೇ ವರ್ಷ ಕಣ್ರೀ ಆ ಹುಡುಗಿ!”

ನಮ್ಮ ಅಣ್ಣ ಹೋಮಕುಂಡಕ್ಕೆ ತಾನೇ ಹಾರಲೋ ಎಂಬಂತೆ ನೋಡುತ್ತಿದ್ದ. ಪುರೋಹಿತರು ಮಾತ್ರ ಅನುಭವಸ್ಥರು. ಈ ದೇಶದಲ್ಲಿ ಏನೇನೋ ನೋಡಿದವರು. ಅರೆಗಳಿಗೆ ಯೋಚಿಸಿ, “ಹೆಣ್ಣುಮಗು ಗೆದ್ದಿದೆ ತಾನೇ? ಶುಭಸೂಚನೆಯೇ ಆಯಿತು. ಸ್ವಾಹಾ!” ಎಂದು ಕೊಬ್ಬರಿಯನ್ನು ಬೆಂಕಿಗೆ ಹಾಕಿದರು.

ಆದರೆ ಅತ್ತಿಗೆಯ ಇಷ್ಟದೇವತೆ ಇದ್ದದ್ದು ಯೂಟಾದಲ್ಲೂ ಅಲ್ಲ, ಪೆನ್ಸಿಲ್ವೇನಿಯಾದಲ್ಲೂ ಅಲ್ಲ, ಹಿತ್ತಲಿನ ಬೇಲಿಯ ಆಚೆಗೆ. ಪಕ್ಕದ ಮನೆಯ ಮ್ಯಾಡಿ. ಪುಟ್ಟಿಯ ಓರಗೆಯವಳು, ಅದೇ ಶಾಲೆ. ಕಡ್ಡಿಯಂಥ ಹುಡುಗಿ, ಮುಖದ ತುಂಬ ಮಚ್ಚೆ, ಮಾತು ಕಡಿಮೆ. ತಾಯಿ ಬೇರೆ ಊರಿನಲ್ಲಿದ್ದರು. ತಂದೆ ಊರೂರಿನ ನಡುವೆ ಓಡುವ ಲೋಕಲ್ ರೈಲಿನ ಡ್ರೈವರು, ಶನಿವಾರವೂ ಡ್ಯೂಟಿ. ಮ್ಯಾಡಿ ಎಂಬ ಹೆಸರು ಅತ್ತಿಗೆಯ ಬಾಯಲ್ಲಿ ಒಂದೇ ವಾರದಲ್ಲಿ ಮಾದಿಯಾಯಿತು, ಮಾರನೇ ವಾರ ಮಾದೇವಿ. ಆ ಹುಡುಗಿಯೂ ಮಾದೇವಿ ಎಂದರೆ ತಿರುಗಿ ನೋಡುತ್ತಿತ್ತು. ಪುಟ್ಟಿ ಜೊತೆ ಟೀಮಿಗೆ ಸೇರಿದವಳು ಅವಳು. ಪುಟ್ಟಿ ಬಿಟ್ಟಳು, ಮಾದೇವಿ ಹಾರಿದಳು.

ನಾಲ್ಕು ವರ್ಷದ ಹೈಸ್ಕೂಲಿನಲ್ಲಿ ಅವಳ ಮೂರನೇ ವರ್ಷದ ಸೀಸನ್ನು ನೋಡಬೇಕಿತ್ತು ನೀವು! ಆಗಸ್ಟಿನ ಬಿಸಿಲಲ್ಲಿ ಶುರುವಾಯಿತು. ಪ್ಲೆಸೆಂಟನ್‌ನ ಪಾರ್ಕಿನಲ್ಲಿ ಆ ಜಾಗದ ಹಳೇ ದಾಖಲೆ ಮುರಿದಳು. ನಮ್ಮ ಡಬ್ಲಿನ್ನಿನ ಪಾರ್ಕಿನಲ್ಲಿ ಮುರಿದಳು. ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಪಾರ್ಕಿನಲ್ಲಿ, ಮಂಜು ಎಷ್ಟಿತ್ತೆಂದರೆ ನಮಗೆ ಓಟಗಾರರೇ ಕಾಣಲಿಲ್ಲ, ಅಲ್ಲೂ ಮುರಿದಳಂತೆ! ಪ್ರತಿ ಶನಿವಾರ ನಾನು ಸ್ಟೇರಿಂಗು, ಅತ್ತಿಗೆ ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಮಡಚುವ ಕುರ್ಚಿ ಮತ್ತು ಮೊಸರನ್ನದ ಡಬ್ಬಿ.

ಅತ್ತಿಗೆ ಸಾಮಾನ್ಯ ದಿನಗಳಲ್ಲಿ ಆಫೀಸಿಗೆ ಒಗ್ಗುವ ನಯವಾದ ಬೆಂಗಳೂರು ಕನ್ನಡ ಮಾತಾಡುತ್ತಾರೆ. ಉದ್ವೇಗ ಬಂದರೆ ಬೆಂಗಳೂರು ಅಲ್ಲೇ ಇಳಿದುಹೋಗಿ ಮಂಡ್ಯ ಹತ್ತಿ ಕೂರುತ್ತದೆ. ಮಾದೇವಿ ಗುಡ್ಡ ಹತ್ತುವುದು ಕಂಡರೆ ಸಾಕು, “ಬುಡಬ್ಯಾಡ ಕಣವ್ವೋ! ಬುಡಬ್ಯಾಡ!” ಎಂದು ಅವರು ಕೂಗುವ ಕೂಗಿಗೆ ಪಾರ್ಕಿನ ಬಾತುಕೋಳಿಗಳು ಕೊಳ ಬಿಟ್ಟು ಮೇಲೆದ್ದದ್ದನ್ನು ನಾನೇ ಕಂಡಿದ್ದೇನೆ.

ಒಂದು ಸಲ ಓಟ ಮುಗಿದ ಮೇಲೆ ಒಬ್ಬ ಹೆಂಗಸು ನಮ್ಮ ಕುರ್ಚಿಯ ಹತ್ತಿರ ಬಂದರು. ನರೆಗೂದಲು, ಕೊರಳಲ್ಲಿ ಮಣಿಸರ, ಬಹಳ ಸಾತ್ವಿಕ ಮುಖ. ಅತ್ಯಂತ ವಿನಯದಿಂದ ಇಂಗ್ಲಿಷಿನಲ್ಲಿ ಹೇಳಿದರು: “ತಪ್ಪು ತಿಳೀಬೇಡಿ. ನಾನು ಬೌದ್ಧ ಧರ್ಮ ಅನುಸರಿಸುವವಳು. ನೀವು ಪ್ರತಿ ವಾರ ಬುದ್ಧ ಬ್ಯಾಡ್, ಬುದ್ಧ ಬ್ಯಾಡ್ ಅಂತ ಕೂಗ್ತೀರಿ. ನನ್ನ ಮನಸ್ಸಿಗೆ ನೋವಾಗುತ್ತೆ.”

ನಾನು ಮೊಸರನ್ನದ ಡಬ್ಬಿಯೊಳಗೆ ಮುಖ ಹುದುಗಿಸಿದೆ. ಅತ್ತಿಗೆ ಎದ್ದು ನಿಂತು ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡರು. “ನೋ ನೋ ನೋ! ಬುದ್ಧ ವೆರಿ ಗುಡ್! ಬುಡಬ್ಯಾಡ ಮೀನ್ಸ್, ಡೋಂಟ್ ಲೆಟ್ ಗೋ!”

“ಲೆಟ್ ಗೋ ಆಫ್ ವಾಟ್?”

ಅತ್ತಿಗೆ ಯೋಚಿಸಿದರು. “ಎನಿಥಿಂಗ್!” ಎಂದರು.

ಎಲ್ಲವನ್ನೂ ಬಿಡು ಎಂದು ಇಪ್ಪತ್ತು ವರ್ಷ ಧ್ಯಾನ ಮಾಡಿದ್ದ ಆ ಹೆಂಗಸು ಗಾಬರಿಯಿಂದ ಅತ್ತಿಗೆಯನ್ನೇ ನೋಡಿದರು. ಮುಂದಿನ ಶನಿವಾರ ನೋಡುತ್ತೇನೆ, ಅವರೂ ಅತ್ತಿಗೆಯ ಪಕ್ಕ ನಿಂತು, ಕೊರಳ ನರ ಉಬ್ಬಿಸಿಕೊಂಡು “ಬುಡಾ ಬ್ಯಾಡಾ!” ಎಂದು ಕೂಗುತ್ತಿದ್ದಾರೆ! ತಿಂಗಳಾಗುವಷ್ಟರಲ್ಲಿ ಇಡೀ ಟೀಮಿನ ತಂದೆತಾಯಂದಿರಿಗೆ ಮಂಡ್ಯದ ಆ ಒಂದು ಪದ ಬರುತ್ತಿತ್ತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಕಲಿಸಲು ನಾವು ಭಾನುವಾರದ ಕ್ಲಾಸು ನಡೆಸಿ ಹೆಣಗುತ್ತೇವಲ್ಲ, ಸುಮ್ಮನೆ ಗುಡ್ಡಕ್ಕೆ ಅಟ್ಟಿ ಕೂಗಿದ್ದರೆ ಆಗುತ್ತಿತ್ತೋ ಏನೋ.

ಮುದ್ದೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಓಟದ ಹಿಂದಿನ ದಿನ ಮಾದೇವಿ ಬರೀ ಪಾಸ್ತಾ ತಿನ್ನುತ್ತಾಳೆಂದು ತಿಳಿದು ಅತ್ತಿಗೆಗೆ ಸಂಕಟವಾಯಿತು. ಅವಳನ್ನು ಕೂರಿಸಿ ತಟ್ಟೆಯಲ್ಲಿ ರಾಗಿಮುದ್ದೆ, ಬಸ್ಸಾರು ಇಟ್ಟರು. ಹುಡುಗಿ ಆ ಕಂದು ಗೋಳವನ್ನು ನೋಡಿ, “ಇದನ್ನು ಎಸೆಯಬೇಕಾ?” ಎಂದು ಕೇಳಿದಳು. ಅದು ಶಾಟ್‌ಪುಟ್ ಎಂದು ಅವಳ ಅಂದಾಜು! ಮುರಿದು, ಅದ್ದಿ, ಅಗಿಯದೆ ನುಂಗಬೇಕು ಎಂದಾಗ ಅವಳ ಕಣ್ಣು ಇನ್ನೂ ದೊಡ್ಡದಾಯಿತು. “ಅಗಿಯದೆಯಾ? ಆರ್ ಯು ಶ್ಯೂರ್?” ಎಂದಳು. ನುಂಗಿದಳು. ಮರುದಿನ ಗೆದ್ದಳು. ಅಷ್ಟೇ ಸಾಕಾಯಿತು! ಮುಂದಿನ ಶುಕ್ರವಾರ ಇಡೀ ಟೀಮು ಅತ್ತಿಗೆಯ ಮನೆಯ ನೆಲದ ಮೇಲೆ ಸಾಲಾಗಿ ಕೂತು ಮುದ್ದೆ ನುಂಗುತ್ತಿತ್ತು. ಊರಿನ ಇಂಡಿಯನ್ ಗ್ರೋಸರಿಯಲ್ಲಿ ರಾಗಿಹಿಟ್ಟು ಖಾಲಿಯಾಗಿ, ನಿಜವಾದ ಮಂಡ್ಯ ಹಾಸನದವರಿಗೆ ಸಿಗದೆ, ನಮ್ಮ ಅಣ್ಣನಿಗೆ ಮನೆಯಲ್ಲಿ ಸತತ ಮೂರು ವಾರ ಪಾಸ್ತಾ.

ಇಷ್ಟೆಲ್ಲ ನೋಡಿ ನನಗೊಂದು ಅನುಮಾನ. ಇದರ ಹಿಂದೆ ಏನೋ ಇರಬೇಕು. ಬಾಲ್ಯದಲ್ಲಿ ಅತ್ತಿಗೆ ದೊಡ್ಡ ಓಟಗಾರ್ತಿಯಾಗಿದ್ದು, ಮನೆಯವರು ಬೇಡವೆಂದು ತಡೆದು, ಆ ಕನಸು ಎದೆಯಲ್ಲೇ ಉಳಿದು… ನೀವೂ ಹಾಗೇ ಊಹಿಸಿದಿರಿ ಅಲ್ಲವೇ? ಒಂದು ದಿನ ಫ್ರೀವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ, ಗಂಟಲು ಮೃದು ಮಾಡಿಕೊಂಡು ಕೇಳಿದೆ. “ಅತ್ತಿಗೆ, ಚಿಕ್ಕವರಿದ್ದಾಗ ನೀವು ಓಡ್ತಿದ್ರಾ?”

“ನಾನಾ? ಶಾಲೆ ಸ್ಪೋರ್ಟ್ಸ್ ಡೇ ದಿನ ಹೊಟ್ಟೆನೋವು ಅಂತ ಮಲಗಿಬಿಡ್ತಿದ್ದೆ.”

“ಮತ್ತೆ ಇದೆಲ್ಲ ಯಾಕೆ?”

“ಯಾಕೆ ಅಂದ್ರೆ? ಚೆನ್ನಾಗಿ ಓಡ್ತಾರೆ, ನೋಡೋಕೆ ಚೆಂದ. ಹಾಡೋಕೆ ಬರ್ದೇ ಇರೋರು ಕಚೇರಿಗೆ ಹೋಗಲ್ವಾ? ಲೇನ್ ಬಿಡಬೇಡ, ಮುಂದೆ ನೋಡಿಕೊಂಡು ಓಡಿಸು.”

ನಾನು ಮುಂದೆ ನೋಡಿಕೊಂಡು ಓಡಿಸಿದೆ.

ಅಕ್ಟೋಬರ್ ಮುಗಿಯುತ್ತ ಬಂತು. ಉಳಿದಿದ್ದು ಹೇವರ್ಡ್‌ನ ಗುಡ್ಡ. ನಮ್ಮ ಕಡೆಯ ಶಾಲೆಗಳೆಲ್ಲ ಸೇರಿ ಓಡುವ ಕೊನೆಯ ದೊಡ್ಡ ಓಟ ಅಲ್ಲಿ. ಏರು ಎದೆಗೆ ಬಡಿಯುವಂಥದ್ದು, ಇಳಿಜಾರು ಅದಕ್ಕಿಂತ ಕೆಟ್ಟದ್ದು. ಅಲ್ಲಿಯ ಹುಡುಗಿಯರ ದಾಖಲೆ ಮಾದೇವಿ ಹುಟ್ಟುವ ಮೊದಲಿನದು. ಈ ಸಲ ಅದು ಉಳಿಯುವುದಿಲ್ಲ ಎಂದು ಕೋಚು ಹೇಳಿದರು, ಬೇರೆ ಶಾಲೆಯ ಕೋಚುಗಳೂ ಹೇಳಿದರು. ಅತ್ತಿಗೆಯಂತೂ ಆಫೀಸಿಗೆ ಮುಂಚೆಯೇ ರಜಾ ಹಾಕಿದರು. ಶನಿವಾರದ ಓಟಕ್ಕೆ ಶುಕ್ರವಾರ, ಸೋಮವಾರ ಎರಡೂ ದಿನ!

ಓಟಕ್ಕೆ ಇನ್ನೂ ಒಂದು ವಾರವಿದ್ದಾಗ, ಒಂದು ಮಧ್ಯಾಹ್ನ ನಾನು ಆಫೀಸಿನ ಕೆಫೆಟೇರಿಯಾದಲ್ಲಿದ್ದೆ, ಅತ್ತಿಗೆಯ ಫೋನು ಬಂತು. ದನಿ ತಗ್ಗಿತ್ತು. ಅತ್ತಿಗೆಯ ದನಿ ತಗ್ಗಿದ್ದನ್ನು ನಾನು ಕೇಳಿದ್ದೇ ಮೊದಲು.

“ಮಾದೇವಿ ಎಡಗಾಲು ಸರಿ ಇಲ್ಲ ಕಣೋ.”

“ಅವಳು ಹೇಳಿದಳಾ?”

“ಅವಳು ಯಾಕೆ ಹೇಳ್ತಾಳೆ? ನಿನ್ನೆ ಪ್ರಾಕ್ಟೀಸಿನಲ್ಲಿ ಕೇಳಿಸ್ಕೊಂಡೆ. ಬಲಗಾಲು ಬಿದ್ದ ಹಾಗೆ ಎಡಗಾಲು ಬೀಳ್ತಿಲ್ಲ. ಮೆಲ್ಲಗೆ, ಕದ್ದು ಇಟ್ಟ ಹಾಗೆ ಇಡ್ತಾಳೆ. ಪಕ್ಕಕ್ಕೆ ಕರೆದು ಕೇಳಿದೆ. ಮೊದಲು ಏನೂ ಇಲ್ಲ ಅಂದಳು. ಆಮೇಲೆ ಅತ್ತುಬಿಟ್ಟಳು. ಎರಡು ವಾರದಿಂದ ನೋವಂತೆ. ಯಾರಿಗೂ ಹೇಳಬೇಡಿ, ಇದೊಂದು ಓಟ ಮುಗೀಲಿ ಅಂತ ಕೈ ಹಿಡ್ಕೊಂಡಳು.”

“ಒಂದೇ ಓಟ ತಾನೇ ಅತ್ತಿಗೆ?” ಎಂದೆ.

ಅತ್ತಿಗೆ ಹೇಳಿದರು. “ನಿಂಗೆ ಗೊತ್ತಿಲ್ಲ. ನಾನು ಎರಡು ಮೂರು ವರ್ಷದಿಂದ ನೋಡ್ತಿದೀನಲ್ಲ, ಹದಿನಾರಕ್ಕೆ ದೇಶಾನೇ ತಿರುಗಿ ನೋಡೋ ಹಾಗೆ ಓಡಿ, ಹದಿನೆಂಟಕ್ಕೆ ಎಲ್ಲಿ ಹೋದರೋ ಗೊತ್ತಾಗದ ಮಕ್ಕಳು ಎಷ್ಟು ಜನ! ರೆಕಾರ್ಡು ಮುರಿದಿದ್ದನ್ನ ಎಲ್ಲರೂ ಬರೀತಾರೆ. ಕಾಲು ಮುರಿದಿದ್ದನ್ನ ಯಾರೂ ಬರಿಯಲ್ಲ.”

ಆ ಹೇವರ್ಡಿನ ಓಟ ಅತ್ತಿಗೆಗೆ ಎಷ್ಟು ಬೇಕಿತ್ತೆಂದು ನನಗೆ ಗೊತ್ತಿತ್ತು. ಮಾದೇವಿಗೆ ಬೇಕಿದ್ದಷ್ಟೇ ಬೇಕಿತ್ತು. ಅವತ್ತು ಸಂಜೆ ಅವರು ಪಕ್ಕದ ಮನೆಯ ಬಾಗಿಲು ತಟ್ಟಿ, ಆಗಷ್ಟೇ ಡ್ಯೂಟಿಯಿಂದ ಬಂದಿದ್ದ ಆ ಗಡ್ಡದ ತಂದೆಗೆ ಎಲ್ಲ ಹೇಳಿದರು. ಮಾದೇವಿ ಮಹಡಿ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದಳಂತೆ. “ನಿಮ್ಮನ್ನು ನಂಬಿದ್ದೆ” ಎಂದಳಂತೆ, ಅಷ್ಟೇ. ಬಾಗಿಲು ಹಾಕಿಕೊಂಡಳು.

ಸ್ಕ್ಯಾನು ಮಾಡಿಸಿದರು. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಆ ಇಳಿಜಾರಿನಲ್ಲಿ ಓಡಿದ್ದರೆ ಎಲುಬು ಪೂರ್ತಿ ತುಂಡಾಗುವ ಸಾಧ್ಯತೆಯಿತ್ತು ಎಂದರು ಡಾಕ್ಟರು. ಪ್ಲಾಸ್ಟರಿನ ಬದಲು ಕಾಲಿಗೆ ದಪ್ಪ ಬೂಟು ಬಂತು, ಸೀಸನ್ನು ಮುಗಿಯಿತು. ಹೇವರ್ಡಿನ ಗುಡ್ಡದಲ್ಲಿ ಬೇರೆ ಯಾರೋ ಗೆದ್ದರು. ಹಳೇ ದಾಖಲೆ ಹಾಗೇ ಉಳಿಯಿತು.

ಮಾರನೇ ದಿನ ಅತ್ತಿಗೆಯ ಬಾಗಿಲ ಮುಂದೆ ಅವರು ಮಾದೇವಿಗೆ ತಿಂಡಿ ತುಂಬಿ ಕಳಿಸುತ್ತಿದ್ದ ಸ್ಟೀಲ್ ಡಬ್ಬಿಗಳೆಲ್ಲ ತೊಳೆದು ಒರೆಸಿ ಜೋಡಿಸಿಟ್ಟಿದ್ದವು. ಖಾಲಿ! ಒಂದು ಸಕ್ಕರೆ ಕಾಳೂ ಇಲ್ಲ. ಅಮೆರಿಕದಲ್ಲಿ ಅದು ಶಿಷ್ಟಾಚಾರವಿರಬಹುದು ಸ್ವಾಮೀ, ಮಂಡ್ಯದಲ್ಲಿ ಅದು ಯುದ್ಧದ ಘೋಷಣೆ.

ಆ ಚಳಿಗಾಲ ಅಣ್ಣನ ಮನೆ ಎಷ್ಟು ಶಾಂತವಾಗಿತ್ತೆಂದರೆ ಅಣ್ಣ ಹೆದರಿಬಿಟ್ಟ. “ಬಾರೋ ಬೇಗ, ನಿಮ್ಮತ್ತಿಗೆ ಯೂಟಾ ಬಗ್ಗೆ ಮಾತಾಡಿ ಒಂದು ತಿಂಗಳಾಯ್ತು. ನಿನ್ನೆ ನನ್ನ ಆಫೀಸು ಹೇಗಿತ್ತು ಅಂತ ಕೇಳಿದಳು. ನಂಗೇನು ಉತ್ತರ ಹೇಳಬೇಕು ಅಂತಾನೇ ಗೊತ್ತಾಗ್ಲಿಲ್ಲ!” ಎಂದು ಫೋನು ಮಾಡಿದ. ಪುಟ್ಟಿಯೂ ನನ್ನ ಹತ್ತಿರ ಬಂದು, “ಚಿಕ್ಕಪ್ಪಾ, ಶಿ ಈಸ್ ಸೋ ನಾರ್ಮಲ್ ನೌ. ಐ ಡೋಂಟ್ ಲೈಕ್ ಇಟ್” ಎಂದಳು. ಮಾದೇವಿ ಬೇಲಿಯಾಚೆ ಬೂಟು ಎಳೆದುಕೊಂಡು ಓಡಾಡುವ ಸದ್ದು ಕೇಳಿದರೆ ಅತ್ತಿಗೆ ಮಾಡುವ ಕೆಲಸ ನಿಲ್ಲಿಸುತ್ತಿದ್ದರು. ಸದ್ದು ನಿಂತ ಮೇಲೆ ಮತ್ತೆ ಈರುಳ್ಳಿ ಹೆಚ್ಚುತ್ತಿದ್ದರು. ಕಣ್ಣೀರಿಗೆ ಈರುಳ್ಳಿ ಬಹಳ ಅನುಕೂಲದ ತರಕಾರಿ.

ವಸಂತ ಬಂತು. ಗುಡ್ಡಗಳೆಲ್ಲ ಹಸಿರಾದವು. ಒಂದು ಭಾನುವಾರ ಮಧ್ಯಾಹ್ನ ಅತ್ತಿಗೆ ಹಿತ್ತಲಲ್ಲಿ ಕರಿಬೇವಿನ ಕುಂಡದ ಪಕ್ಕ ಕೂತು, ಬಹಳ ದಿನಗಳ ಮೇಲೆ, ಫೋನಿನಲ್ಲಿ ಕಾಲೇಜು ಮಕ್ಕಳ ಓಟ ಹಾಕಿಕೊಂಡಿದ್ದರು. ನಾನು ಬಿಸಿಲಿಗೆ ಬೆನ್ನು ಕೊಟ್ಟು ತೂಕಡಿಸುತ್ತಿದ್ದೆ. ಕೊನೆಯ ಸುತ್ತಿಗೆ ಬಂದಾಗ ಅತ್ತಿಗೆ ಎದ್ದು ನಿಂತರು. ದೇಶದ ದಾಖಲೆಯೊಂದು ಮುರಿಯಿತು. ಅತ್ತಿಗೆ “ಅಯ್ಯಯ್ಯಪ್ಪಾ!” ಎಂದು ಕಿರುಚಿದರು. ಅದೇ ಗಳಿಗೆಯಲ್ಲಿ ಬೇಲಿಯ ಆಚೆಯಿಂದ, ಅಷ್ಟೇ ಜೋರಾಗಿ, ಇಂಗ್ಲಿಷಿನ ಕಿರುಚಾಟವೊಂದು ಕೇಳಿತು.

ನಾನು ತೂಕಡಿಕೆ ಬಿಟ್ಟು ಬೇಲಿಯ ಕಡೆ ನೋಡಿದೆ. ಸ್ವಲ್ಪ ಹೊತ್ತಿಗೆ ಬೇಲಿಯ ಮೇಲೆ ಒಂದು ಜೊತೆ ಕೈ, ಆಮೇಲೆ ಮಚ್ಚೆ ಮಚ್ಚೆಯ ಹಣೆ, ಆಮೇಲೆ ಕಣ್ಣು.

“ಅವಳ ಕೊನೇ ಸುತ್ತು ನೋಡಿದ್ರಾ?” ಎಂದಳು ಮಾದೇವಿ, ಇಂಗ್ಲಿಷಿನಲ್ಲಿ.

“ನೋಡ್ದೆ! ತಿರುವಲ್ಲಿ ಹೊರಗಡೆಯಿಂದ ಹೋದಳಲ್ಲ!”

“ನಾನಾಗಿದ್ರೆ ಇನ್ನೂ ಕಾಯ್ತಿದ್ದೆ.”

“ನೀನು ಕಾಯೋಳಾ? ನಿಂಗೆ ಕಾಯೋಕೆ ಬರಲ್ಲ!”

ಬೇಲಿಯ ಎರಡು ಬದಿ ನಿಂತು ಅವರಿಬ್ಬರೂ ಆ ಒಂದು ಸುತ್ತಿನ ಬಗ್ಗೆ ಬಿಸಿಲು ಇಳಿಯುವವರೆಗೆ ವಾದ ಮಾಡಿದರು. ಕಾಲಿನ ಮಾತು ಇಬ್ಬರೂ ಎತ್ತಲಿಲ್ಲ. ಅತ್ತಿಗೆ ಒಳಗೆ ಹೋಗಿ ಒಂದು ಡಬ್ಬಿ ಕೋಡುಬಳೆ ತಂದು ಬೇಲಿಯ ಮೇಲಿಂದ ದಾಟಿಸಿದರು. ಎರಡು ದಿನದಲ್ಲಿ ಡಬ್ಬಿ ವಾಪಸು ಬಂತು, ಅದರ ತುಂಬ ಸ್ವಲ್ಪ ಕರಕಲಾದ ಕುಕೀ ಬಿಸ್ಕತ್ತುಗಳು. ತಳ ಹತ್ತಿದ್ದವು. ಅತ್ತಿಗೆ ಒಂದನ್ನೂ ನಮಗೆ ಕೊಡಲಿಲ್ಲ.

ಬೇಸಗೆಯಲ್ಲಿ ಮಾದೇವಿ ಮತ್ತೆ ಓಡಲು ಶುರು ಮಾಡಿದಳು. ಮೊದಲು ನಡಿಗೆ, ಆಮೇಲೆ ಎರಡು ಹೆಜ್ಜೆ ಓಟ, ನಾಲ್ಕು ಹೆಜ್ಜೆ ನಡಿಗೆ. ಶಾಲೆಯ ಕೊನೆಯ ವರ್ಷ. ಸೀಸನ್ನಿನ ಮೊದಲ ಓಟಗಳಲ್ಲಿ ಹಿಂದೆ ಬಿದ್ದಳು. ಹಿಂದಿನ ವರ್ಷ ಅವಳ ಬೆನ್ನನ್ನಷ್ಟೇ ನೋಡಿದ್ದ ಹುಡುಗಿಯರು ಈಗ ಮುಂದೆ. ಅವಳು ಹಲ್ಲು ಕಚ್ಚಿ ಓಡಿದಳು, ಒಂದೊಂದು ವಾರಕ್ಕೂ ಒಬ್ಬೊಬ್ಬರನ್ನು ಹಿಂದೆ ಹಾಕಿದಳು. ಹೇವರ್ಡಿನ ದಿನ ಬರುವ ಹೊತ್ತಿಗೆ ಅವಳೇ ಮುಂದು.

ಆ ಬೆಳಿಗ್ಗೆ ಗುಡ್ಡದ ಹುಲ್ಲು ಒಣಗಿ ಬಂಗಾರದ ಬಣ್ಣ. ಕೊಲ್ಲಿಯ ಕಡೆಯಿಂದ ತಣ್ಣಗೆ ಗಾಳಿ. ಮಾದೇವಿಯ ತಂದೆ ರಜಾ ಹಾಕಿ ಬಂದಿದ್ದರು, ನಮ್ಮ ಅಣ್ಣನೂ ಪುಟ್ಟಿಯೂ ಬಂದಿದ್ದರು, ಮಣಿಸರದ ಹೆಂಗಸು ಗಂಟಲಿಗೆ ಮಿಠಾಯಿ ಚೀಪುತ್ತ ಸಿದ್ಧವಾಗಿದ್ದರು. ಎಲ್ಲರೂ ಗೆರೆ ಮುಟ್ಟುವ ಜಾಗಕ್ಕೆ ಹೋದರು. ಅತ್ತಿಗೆ ಮಾತ್ರ ನನ್ನ ತೋಳು ಹಿಡಿದು ಬೇರೆ ಕಡೆಗೆ ಎಳೆದರು. ಕಡಿದಾದ ಇಳಿಜಾರು ಮುಗಿದು ದಾರಿ ತಿರುಗುವ ಜಾಗ. ಅಲ್ಲಿ ಗಡಿಯಾರವೂ ಕಾಣುವುದಿಲ್ಲ, ಕೊನೆಯ ಗೆರೆಯೂ ಕಾಣುವುದಿಲ್ಲ.

“ಇಲ್ಲಿಂದ ಏನು ಕಾಣತ್ತೆ ಅತ್ತಿಗೆ?”

“ನೀನು ಸುಮ್ನಿರು.”

ಮಾದೇವಿ ಗುಡ್ಡದ ನೆತ್ತಿಯಲ್ಲಿ ಕಾಣಿಸಿಕೊಂಡಳು, ಒಬ್ಬಳೇ. ಧೂಳೆಬ್ಬಿಸಿಕೊಂಡು ಇಳಿದು ಬಂದಳು. ನಾನು ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದೆ, ಅತ್ತಿಗೆ ಈಗ ಕೂಗುತ್ತಾರೆಂದು. ಅವರು ಕೂಗಲಿಲ್ಲ. ಕಳೆದುಹೋದ ಓಲೆ ಹುಡುಕುವವರಂತೆ ಬಗ್ಗಿ, ಅವಳ ಪಾದಗಳನ್ನೇ ನೋಡುತ್ತಿದ್ದರು. ಅವಳು ನಮ್ಮ ಮುಂದೆ ಹಾದುಹೋಗಿ ಮರಗಳ ಹಿಂದೆ ಮರೆಯಾಗುವವರೆಗೆ ತಲೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಕಡೆ ಜನ ಹೋ ಎಂದರು. ಮೈಕಿನಲ್ಲಿ ಕೂಗಿದ್ದು ಗಾಳಿಯಲ್ಲಿ ತುಂಡು ತುಂಡಾಗಿ ಬಂತು. ನನಗೆ ಅಷ್ಟೇ ಸಾಕಾಗಿತ್ತು. ಕುಣಿದುಬಿಟ್ಟೆ. “ಅತ್ತಿಗೆ! ಮುರಿದಳು! ಗುಡ್ಡದ ದಾಖಲೆ ಮುರಿದುಬಿಟ್ಟಳು!”

ಅತ್ತಿಗೆ ನನ್ನ ಕಡೆ ತಿರುಗಿದರು. “ಎಡಗಾಲು ಸರೀಗ್ ಬೀಳ್ತಿತ್ತು, ನೋಡ್ದಾ?” ಎಂದರು. “ಎರಡೂ ಒಂದೇ ಸಮ ಬೀಳ್ತಿತ್ತು.”

ನಾವು ಹೋಗುವಷ್ಟರಲ್ಲಿ ಮಾದೇವಿಯ ಸುತ್ತ ಗುಂಪು. ಕೋಚು ಅಳುತ್ತಿದ್ದರು. ಯಾರೋ ಫೋಟೋ ತೆಗೆಯುತ್ತಿದ್ದರು. ತಂದೆಯ ಗಡ್ಡದಲ್ಲಿ ಮುಖ ಹುದುಗಿಸಿದ್ದ ಹುಡುಗಿ ತಲೆ ಎತ್ತಿ ಆಚೀಚೆ ನೋಡಿದಳು. ಅತ್ತಿಗೆ ಗುಂಪಿನ ಹೊರಗೆ ಒಣಹುಲ್ಲಿನ ಮೇಲೆ ಕೂತುಬಿಟ್ಟಿದ್ದರು. ಮಾದೇವಿ ಎಲ್ಲರನ್ನೂ ಸರಿಸಿಕೊಂಡು ಬಂದು ಅವರೆದುರು ಕೂತಳು. ಎಡಗಾಲಿನ ಶೂಸು ಬಿಚ್ಚಿದಳು, ಕಾಲುಚೀಲ ಎಳೆದು ಹಾಕಿದಳು, ಬೆವರಿಗೆ ಧೂಳು ಮೆತ್ತಿದ ಆ ಕಾಲನ್ನು ಎತ್ತಿ ಅತ್ತಿಗೆಯ ಮಡಿಲಲ್ಲಿ ಇಟ್ಟಳು.

ಕಾಲು ತಗುಲಿದರೆ ಪುಸ್ತಕವನ್ನೂ ಕಣ್ಣಿಗೊತ್ತಿಕೊಳ್ಳುವವರು ನಮ್ಮ ಅತ್ತಿಗೆ. ಅವರು ಆ ಪಾದವನ್ನು ದುಪಟ್ಟಾದಲ್ಲಿ ಒರೆಸಿದರು. ಆಮೇಲೆ ಹೆಬ್ಬೆರಳಿನಿಂದ ಮೊಣಕಾಲಿನ ಕೆಳಗೆ ಎಲುಬಿನ ಗುಂಟ ಒತ್ತುತ್ತ ಬಂದರು, ನಿಧಾನವಾಗಿ, ಹಿಮ್ಮಡಿಯವರೆಗೆ.

“ನೋವಾ?” ಎಂದರು. ಇಂಗ್ಲಿಷು ಅವರಿಗೆ ಪೂರ್ತಿ ಮರೆತುಹೋಗಿತ್ತು.

“ಇಲ್ಲ” ಎಂದಳು ಮಾದೇವಿ, ಕನ್ನಡದಲ್ಲೇ.

ಅತ್ತಿಗೆ ತಲೆಯಾಡಿಸಿದರು. ಆದರೂ ಮತ್ತೊಮ್ಮೆ ಮೊಣಕಾಲಿನಿಂದ ಶುರು ಮಾಡಿದರು.